‘ಕನಿಷ್ಠ ಆಕ್ರಮಣ’: ಮಂಡಿಯ ಶಸ್ತ್ರಚಿಕಿತ್ಸೆಯ ಒಂದು ಹೆಸರಿನ ವಿಮರ್ಶೆ

ಶಾಸ್ತ್ರೀಯ ಪರಿಭಾಷೆಯ ವಿಚಾರವು ನಮ್ಮ ವಿದ್ವತ್ಪತ್ರಿಕೆಗಳಲ್ಲಿ ಚರ್ಚೆಗೆ ಬಂದಾಗಲೆಲ್ಲ ಪ್ರಶ್ನೆಯು ಸಾಮಾನ್ಯವಾಗಿ ಒಂದೇ ರೂಪವನ್ನು ತಾಳುತ್ತದೆ: ಇಂಗ್ಲಿಷಿನ ಇಂತಹ ಮಾತಿಗೆ ಕನ್ನಡದಲ್ಲಿ ಯಾವುದು ಸರಿ, ಸಂಸ್ಕೃತದಿಂದ ತರೋಣವೆ, ದೇಶ್ಯದಿಂದ ಕಟ್ಟೋಣವೆ, ಇದ್ದಂತೆಯೇ ಇಟ್ಟುಕೊಳ್ಳೋಣವೆ ಎಂಬುದು. ಮೂಲದ ಪದವಾದರೂ ತನ್ನ ವಸ್ತುವಿಗೆ ಒಪ್ಪುವಂತಹುದೆ ಎಂಬ ಪ್ರಶ್ನೆಯನ್ನು ನಾವು ಬಹುಮಟ್ಟಿಗೆ ಕೇಳುವುದಿಲ್ಲ. ಶಾಸ್ತ್ರಜ್ಞರು ಇಟ್ಟ ಹೆಸರು ಶಾಸ್ತ್ರೀಯವಾಗಿಯೇ ಇರಬೇಕೆಂದು ನಂಬಿ, ಅದಕ್ಕೆ ಕನ್ನಡದ ಉಡುಗೆಯನ್ನು ತೊಡಿಸುವುದರಲ್ಲಿ ನಿರತರಾಗುತ್ತೇವೆ. ಈ ನಂಬಿಕೆಯು ಎಲ್ಲ ಕಡೆಯೂ ಸಲ್ಲುವುದಿಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಬೇಕೆಂದಿದ್ದೇವೆ. ಮಂಡಿಯ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ಈಚಿನ ಎರಡು ಮೂರು ದಶಕಗಳಿಂದ ‘ಮಿನಿಮಲಿ ಇನ್ವೇಸಿವ್’ ಎಂಬ ವಿಶೇಷಣವು ಬಳಕೆಯಲ್ಲಿದೆ. ಕನ್ನಡದ ವೃತ್ತಪತ್ರಿಕೆಗಳಲ್ಲಿಯೂ ಆಸ್ಪತ್ರೆಗಳ ತಿಳಿವಳಿಕೆ ಪತ್ರಗಳಲ್ಲಿಯೂ ಅದು ‘ಕನಿಷ್ಠ ಆಕ್ರಮಣಕಾರಿ’ ಎಂದಾಗಿದೆ. ಸಾಹಿತ್ಯವನ್ನು ಬೋಧಿಸುವವರಿಗೆ ಇದರಲ್ಲೇನು ಕೆಲಸವೆಂದು ಯಾರಾದರೂ ಕೇಳಬಹುದು. ರೋಗಿಯು ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವುದು ಮಾತನ್ನು ಓದಿ, ಶಸ್ತ್ರವನ್ನು ನೋಡಿ ಅಲ್ಲ. ಮಾತಿನ ಪರೀಕ್ಷೆ ನಮ್ಮದೇ ವೃತ್ತಿ.

ಮೊದಲು ಕನ್ನಡದ ರೂಪವನ್ನೇ ನೋಡೋಣ. ಲ್ಯಾಟಿನ್ನಿನ ‘ಇನ್ವಾದೆರೆ’ ಎಂಬ ಧಾತುರೂಪಕ್ಕೆ ‘ಒಳಕ್ಕೆ ಹೋಗು’ ಎಂಬುದೇ ಅಕ್ಷರಾರ್ಥ. ಸೈನ್ಯವು ಪರರಾಜ್ಯದ ಒಳಕ್ಕೆ ಹೋಗುವುದರಿಂದ ಅದಕ್ಕೆ ದಂಡಯಾತ್ರೆಯ ಅರ್ಥವು ಕೂಡಿಕೊಂಡಿತು. ವೈದ್ಯರ ಬಳಕೆಯಲ್ಲಿ ಮೂಲಾರ್ಥವೇ ಪ್ರಧಾನವಾಗಿ, ದೇಹದ ಒಳಕ್ಕೆ ಉಪಕರಣವನ್ನು ತೂರಿಸುವ ಪರೀಕ್ಷೆ ಚಿಕಿತ್ಸೆಗಳೆಲ್ಲ ‘ಇನ್ವೇಸಿವ್’ ಆದವು. ಹಾಗಾದರೆ ಸಂಸ್ಕೃತದಲ್ಲಿ ಅದಕ್ಕೆ ಸಮೀಪವಾದುದು ‘ಪ್ರವೇಶ’ವೇ ಹೊರತು ‘ಆಕ್ರಮಣ’ವಲ್ಲ. ‘ಕನಿಷ್ಠ’ದ ಸ್ಥಿತಿ ಇದಕ್ಕಿಂತಲೂ ಕಷ್ಟತರ. ಅದು ಇಷ್ಠಪ್ರತ್ಯಯಾಂತವಾದ ತಮಭಾವವಾಚಕ. ಇದಕ್ಕಿಂತ ಕಡಿಮೆ ಮತ್ತೊಂದಿಲ್ಲವೆಂದು ಸಾರುತ್ತದೆ. ಅದರ ಮೇಲೆ ಕನ್ನಡದಲ್ಲಿ ಅದಕ್ಕೆ ಕೀಳು, ಹೀನ ಎಂಬ ಅರ್ಥಚ್ಛಾಯೆಯೂ ಉಂಟು. ಹೀಗಾಗಿ ‘ಕನಿಷ್ಠ ಆಕ್ರಮಣಕಾರಿ ಶಸ್ತ್ರಚಿಕಿತ್ಸೆ’ ಎಂಬುದನ್ನು ಕೇಳಿದ ಹಳ್ಳಿಯ ಮುದುಕನಿಗೆ ಯಾರೋ ಕೀಳುದರ್ಜೆಯ ಶತ್ರುವು ತನ್ನ ಮಂಡಿಯ ಮೇಲೆ ಏರಿಬಂದಂತೆ ತೋರಿದರೆ ಆಶ್ಚರ್ಯವಿಲ್ಲ. ಇದು ಭಾಷಾಂತರದ ದೋಷ, ಸುಲಭವಾಗಿ ತಿದ್ದಿಕೊಳ್ಳಬಹುದು. ಮೂಲದ ದೋಷವು ಇಷ್ಟು ಸುಲಭವಾದುದಲ್ಲ.

ಆ ಹೆಸರು ಹುಟ್ಟಿದ್ದೆಲ್ಲಿ ಎಂಬುದನ್ನು ತಿಳಿದರೆ ವಿಷಯವು ವಿಶದವಾಗುತ್ತದೆ. 1980ರ ದಶಕದಲ್ಲಿ ಅದನ್ನು ರೂಢಿಗೆ ತಂದವನು ಲಂಡನ್ನಿನ ಮೂತ್ರಾಂಗ ಶಸ್ತ್ರವೈದ್ಯನಾದ ಜಾನ್ ವಿಕಮ್. 1987ರಲ್ಲಿ ಅವನು ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಹೊಸ ಶಸ್ತ್ರವೈದ್ಯವನ್ನು ಕುರಿತು ಬರೆದ ಲೇಖನವು ಪ್ರಸಿದ್ಧವಾಗಿದೆ. ಅವನ ಮುಂದಿದ್ದ ರೋಗ ಮೂತ್ರಪಿಂಡದ ಕಲ್ಲು. ಹಿಂದಿನ ಪದ್ಧತಿಯಲ್ಲಿ ಕಡಲೆಯಷ್ಟು ದಪ್ಪದ ಒಂದು ಕಲ್ಲನ್ನು ತೆಗೆಯುವುದಕ್ಕಾಗಿ ಪಕ್ಕೆಯನ್ನು ಉದ್ದಕ್ಕೆ ಸೀಳಿ, ಮೂರು ಪದರದ ಸ್ನಾಯುಗಳನ್ನು ಕತ್ತರಿಸಿ ಒಳಹೊಗಬೇಕಾಗಿತ್ತು. ಕಲ್ಲನ್ನು ಎತ್ತುವ ಕೆಲಸದಿಂದ ರೋಗಿಗೆ ಆಗುತ್ತಿದ್ದ ನೋವು ಅತ್ಯಲ್ಪ. ಕಲ್ಲಿನ ಬಳಿಗೆ ಹೋಗುವ ದಾರಿಯಿಂದ ಆಗುತ್ತಿದ್ದುದೇ ಸರ್ವಸ್ವ. ಬೆರಳಿನಗಲದ ನಾಳದ ಮೂಲಕ ಅದೇ ಕಲ್ಲನ್ನು ತೆಗೆಯಲು ಸಾಧ್ಯವಾದಾಗ ಗಾಯದ ಬಹುಪಾಲು ಇಲ್ಲವಾಯಿತು. ಪಿತ್ತಕೋಶವನ್ನು ದರ್ಶಕನಳಿಗೆಯ ಮೂಲಕ ತೆಗೆಯುವ ಪದ್ಧತಿಯಲ್ಲಿಯೂ ಹೀಗೆಯೇ. ಅಂದಮೇಲೆ ಆ ಕ್ಷೇತ್ರದಲ್ಲಿ ಹೆಸರು ಅನ್ವರ್ಥಕವೇ ಸರಿ: ದಾರಿಯ ಗಾಯವೇ ಗಾಯವಾಗಿದ್ದೆಡೆಯಲ್ಲಿ ದಾರಿಯನ್ನು ಕಿರಿದು ಮಾಡಿದರೆ ಗಾಯವೂ ಕಿರಿದಾಗುತ್ತದೆ.

ಮಂಡಿಯಲ್ಲಿ ನಡೆಯುವುದೇನು? ಸವೆದುಹೋದ ಕೀಲಿನಲ್ಲಿ ತೊಡೆಯೆಲುಬಿನ ಕೆಳತುದಿಯನ್ನೂ ಜಂಘಾಸ್ಥಿಯ ಮೇಲ್ತುದಿಯನ್ನೂ ಸುಮಾರು 8ರಿಂದ 10 ಮಿಲಿಮೀಟರಿನಷ್ಟು ಗರಗಸದಿಂದ ಕೊಯ್ದು ತೆಗೆದು, ತೊಡೆಯೆಲುಬಿಗೆ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದ ಒಂದು ಕವಚವನ್ನು ತೊಡಿಸಿ, ಜಂಘಾಸ್ಥಿಯ ಮೇಲೆ ಲೋಹದ ಪೀಠವನ್ನು ಕೂರಿಸಿ, ಎರಡರ ನಡುವೆ ಗಟ್ಟಿಯಾದ ಪಾಲಿಎಥಿಲೀನಿನ ಫಲಕವನ್ನಿಡುತ್ತಾರೆ. ಲೋಹವನ್ನು ಎಲುಬಿಗೆ ಅಂಟಿಸಲು ಬಹುಮಟ್ಟಿಗೆ ಅಕ್ರಿಲಿಕ್ ಗಾರೆಯನ್ನು ಬಳಸುತ್ತಾರೆ. ‘ಮಂಡಿಯ ಬದಲಾವಣೆ’ ಎಂಬ ಮಾತೂ ಅತಿಶಯೋಕ್ತಿಯೇ ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಗಮನಿಸಬಹುದು. ಬದಲಾಗುವುದು ಮಂಡಿಯಲ್ಲ, ಅದರ ಮೈಮೇಲಿನ ಹೊದಿಕೆ. ಇರಲಿ. ಹಳೆಯ ಪದ್ಧತಿಯಲ್ಲಿ ಚರ್ಮದ ಛೇದವು 20ರಿಂದ 25 ಸೆಂಟಿಮೀಟರು. ಹೊಸದರಲ್ಲಿ 10ರಿಂದ 15. ಎರಡರಲ್ಲಿಯೂ ಕೊಯ್ಯುವ ಎಲುಬು ಅಷ್ಟೇ, ತೊಡಿಸುವ ಲೋಹ ಅದೇ, ಗಾರೆಯೂ ಅದೇ. ಮೂತ್ರಪಿಂಡದ ಕಲ್ಲಿನಲ್ಲಿ ದಾರಿಯು ದೊಡ್ಡದಾಗಿ ಕೆಲಸವು ಚಿಕ್ಕದಾಗಿತ್ತು. ಮಂಡಿಯಲ್ಲಿ ಕೆಲಸವೇ ದೊಡ್ಡದು. ದಾರಿಯನ್ನು ಕಿರಿದು ಮಾಡಿದ ಮಾತ್ರಕ್ಕೆ ಕೆಲಸವು ಕಿರಿದಾಗುವುದಿಲ್ಲ. ಒಂದು ಕ್ಷೇತ್ರದಲ್ಲಿ ನ್ಯಾಯವಾಗಿ ಸಂಪಾದಿಸಿದ ಹೆಸರಿನ ಗೌರವವನ್ನು ಮತ್ತೊಂದು ಕ್ಷೇತ್ರವು ಹೀಗೆ ಸಾಲವಾಗಿ ಪಡೆದುಕೊಂಡಿತು.

ತಾರ್ಕಿಕರು ಲಕ್ಷಣಕ್ಕೆ ಹೇಳುವ ಮೂರು ದೋಷಗಳನ್ನು ಈ ಹೆಸರಿಗೆ ಹಚ್ಚಿ ನೋಡಿದರೆ ಮೂರೂ ತಗಲುತ್ತವೆ. ಚರ್ಮವು ಕಿರಿದಾಗಿ ಸೀಳಿ ಒಳಗೆ ಸ್ನಾಯುವು ಹಿಂದಿನಂತೆಯೇ ಕತ್ತರಿಸಲ್ಪಟ್ಟ ಶಸ್ತ್ರಕ್ರಿಯೆಗೂ ಈ ಹೆಸರು ಸಲ್ಲುತ್ತಿರುವುದರಿಂದ ಅತಿವ್ಯಾಪ್ತಿ. ಚರ್ಮದ ಛೇದವು ಉದ್ದವಾಗಿದ್ದರೂ ಸ್ನಾಯುವನ್ನು ಮುಟ್ಟದೆ ಪಕ್ಕಕ್ಕೆ ಸರಿಸಿ ಮಾಡುವ ಕ್ರಿಯೆಗೆ ಇದು ಸಲ್ಲದೆ ಹೋಗುವುದರಿಂದ ಅವ್ಯಾಪ್ತಿ. ಇನ್ನು ‘ಕನಿಷ್ಠ’ವೆಂಬ ತಮಭಾವವು, ಎಲುಬನ್ನು ಕೊಯ್ದು ಲೋಹವನ್ನಿಡುವ ಯಾವ ಕ್ರಿಯೆಯಲ್ಲಿಯೂ ಸಂಭವಿಸದು. ಬ್ರಿಟನ್ನಿನ ಶಸ್ತ್ರವೈದ್ಯರಲ್ಲಿ ಹಲವರು ಸಾಮಾನ್ಯವಾಗಿ ಎಲ್ಲ ಇಂತಹ ಪದ್ಧತಿಗಳಿಗೂ ‘ಮಿನಿಮಲ್ ಆಕ್ಸೆಸ್’, ಎಂದರೆ ‘ಕಿರಿದಾದ ಪ್ರವೇಶ’ ಎಂಬ ಹೆಸರನ್ನೇ ಮೆಚ್ಚಿದ್ದಾರೆ. ಕಿರಿದಾಗುವುದು ಬಾಗಿಲೇ ಹೊರತು ಒಳಗಣ ವ್ಯವಹಾರವಲ್ಲವೆಂಬ ವಿವೇಕವು ಆ ಹೆಸರಿನಲ್ಲಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಪದ್ಧತಿಯೇ ಹುಸಿಯೆಂದು ತೀರ್ಮಾನಿಸಿದರೆ ಅದು ವಿಮರ್ಶೆಯಾಗದು. ಇದರಲ್ಲಿ ನಿಜವಾದ ಕೌಶಲವಿದೆ. ಚಿಕ್ಕ ಛೇದದ ಮೂಲಕ ಇಡೀ ಕೀಲು ಒಮ್ಮೆಗೇ ಕಾಣುವುದಿಲ್ಲ. ಆದಕಾರಣ ವೈದ್ಯನು ಕಾಲನ್ನು ಮಡಿಸುತ್ತ ಚಾಚುತ್ತ, ಚರ್ಮದ ಬಾಯನ್ನು ಒಂದು ಚಲಿಸುವ ಗವಾಕ್ಷದಂತೆ ಬೇಕಾದೆಡೆಗೆ ಸರಿಸಿಕೊಳ್ಳುತ್ತಾನೆ: ಕಾಲು ಚಾಚಿದಾಗ ತೊಡೆಯ ಕಡೆಯ ಭಾಗವೂ, ಮಡಿಸಿದಾಗ ಜಂಘೆಯ ಕಡೆಯ ಭಾಗವೂ ಅದರಲ್ಲಿ ತೋರಿಬರುತ್ತವೆ. ಹಳೆಯ ಪದ್ಧತಿಯಲ್ಲಿ ಮಂಡಿಚಿಪ್ಪನ್ನು ಮಗುಚಿ ಹಾಕುತ್ತಿದ್ದರು. ಇಲ್ಲಿ ಅದನ್ನು ಮಗುಚದೆ ಪಕ್ಕಕ್ಕೆ ಜಾರಿಸುತ್ತಾರೆ. ಗರಗಸಕ್ಕೆ ದಾರಿ ತೋರುವ ಲೋಹದ ಚೌಕಟ್ಟುಗಳನ್ನೂ ಕಿರಿದು ಮಾಡಿದ್ದಾರೆ. ಸ್ನಾಯುವಿನ ವಿಷಯದಲ್ಲಿ ಮೂರು ದಾರಿಗಳುಂಟು: ತೊಡೆಯ ಮುಂಭಾಗದ ಸ್ನಾಯುವಿನ ಕಂಡರವನ್ನು ಚಿಪ್ಪಿನ ಒಳಮಗ್ಗುಲಿನಿಂದ ಮೇಲಕ್ಕೆ ಸೀಳುವುದು ಒಂದು, ಸ್ನಾಯುವಿನ ಎಳೆಗಳನ್ನು ಅವುಗಳ ಓಟದ ದಿಕ್ಕಿನಲ್ಲಿಯೇ ಬಿಡಿಸಿ ಹೋಗುವುದು ಮತ್ತೊಂದು, ಸ್ನಾಯುವನ್ನು ಕತ್ತರಿಸದೆ ಅದರ ಕೆಳಅಂಚಿನ ಅಡಿಯಿಂದ ನುಸುಳಿ ಅದನ್ನು ಮೇಲಕ್ಕೆತ್ತುವುದು ಮೂರನೆಯದು. ಮೂರನೆಯದೇ ಅತ್ಯಂತ ಆಧುನಿಕವೆಂದು ಪ್ರಚಾರಪತ್ರಗಳು ಹೇಳುತ್ತವೆ. ಆದರೆ ಅದನ್ನು ಜರ್ಮನಿಯ ಎರ್ಕೆಸ್ 1929ರಲ್ಲಿಯೇ ವರ್ಣಿಸಿದ್ದನು, 1991ರಲ್ಲಿ ಅಮೆರಿಕಾದ ಹಾಫ್ಮನ್ ಅದಕ್ಕೆ ಪುನಃ ಪ್ರಚಾರವನ್ನು ತಂದನು.

ಹೆಸರೇ ವಾದವಾಗಿಬಿಡುವ ಬಗೆಗೆ ಇದಕ್ಕಿಂತಲೂ ಸ್ವಾರಸ್ಯವಾದ ಉದಾಹರಣೆಯು ಇದೇ ಪ್ರಕರಣದಲ್ಲಿ ದೊರೆಯುತ್ತದೆ. ತೊಡೆಯ ಮುಂಭಾಗದ ಆ ಸ್ನಾಯುವಿಗೆ ‘ಕ್ವಾಡ್ರಿಸೆಪ್ಸ್’ ಎಂದು ಹೆಸರು, ನಾಲ್ತಲೆಯದು ಎಂದರ್ಥ. ಕಾಲನ್ನು ಚಾಚುವುದೂ ಮೆಟ್ಟಿಲು ಹತ್ತುವುದೂ ಕುಳಿತಲ್ಲಿಂದ ಏಳುವುದೂ ಅದರ ಬಲದಿಂದಲೇ. ಈ ಶತಮಾನದ ಆದಿಯಲ್ಲಿ ಅಮೆರಿಕಾದಲ್ಲಿ ಒಂದು ಪದ್ಧತಿಯು ‘ಕ್ವಾಡ್ರಿಸೆಪ್ಸ್ ಸ್ಪೇರಿಂಗ್’, ಎಂದರೆ ಆ ಸ್ನಾಯುವನ್ನು ಉಳಿಸುವಂತಹುದು, ಎಂಬ ಹೆಸರಿನಿಂದ ಬಳಕೆಗೆ ಬಂದಿತು. 2003ರಲ್ಲಿ ಆಲ್ಫ್ರೆಡ್ ಟ್ರಿಯಾ ಮತ್ತು ಥಾಮಸ್ ಕೂನ್ ಎಂಬವರು ತಮ್ಮ ಮೊದಲ ಅನುಭವಗಳನ್ನು ಪ್ರಕಟಿಸಿದರು. ಹೆಸರನ್ನು ಕೇಳಿದವನು ಬೇರೆ ಪದ್ಧತಿಗಳೆಲ್ಲ ಸ್ನಾಯುವನ್ನು ಹಾಳುಮಾಡುತ್ತವೆಂದು ತಾನಾಗಿಯೇ ಊಹಿಸಿಕೊಳ್ಳುತ್ತಾನೆ. ವಾಚ್ಯದಲ್ಲಿ ಒಬ್ಬರನ್ನೂ ನಿಂದಿಸದೆ ವ್ಯಂಗ್ಯದಲ್ಲಿ ಎಲ್ಲರನ್ನೂ ನಿಂದಿಸುವ ಚಾತುರ್ಯವಿದು. ಈ ಹೆಸರನ್ನು ಪರೀಕ್ಷಿಸಿದವರು ವೈಯಾಕರಣರಲ್ಲ, ಶರೀರರಚನೆಯನ್ನು ಬಲ್ಲವರು. 2006ರಲ್ಲಿ ಮಾರ್ಕ್ ಪಗ್ನಾನೋ ಮತ್ತು ಅವನ ಸಂಗಡಿಗರು ಮಂಡಿಗಳನ್ನು ಪರಿಶೀಲಿಸಿ, ಆ ಸ್ನಾಯುವಿನ ಒಳಬದಿಯ ತಲೆಯು ಮಂಡಿಚಿಪ್ಪಿನ ಮೇಲಂಚಿನಲ್ಲಿಯೇ ಮುಗಿಯದೆ ಅದರ ನಡುಮಟ್ಟದವರೆಗೂ ಇಳಿದು ಅಂಟಿಕೊಂಡಿರುತ್ತದೆಂದು ತೋರಿಸಿದರು. ಹಾಗಿದ್ದ ಮೇಲೆ, ಚಿಪ್ಪಿನ ಒಳಮಗ್ಗುಲಿನಲ್ಲಿ ನಡುಮಟ್ಟದಿಂದ ಮೇಲಕ್ಕೆ ಹೋದ ಯಾವ ಛೇದವೂ ಸ್ನಾಯುವಿನ ಸ್ವಲ್ಪ ಭಾಗವನ್ನಾದರೂ ಬಿಡಿಸಿಯೇ ತೀರುತ್ತದೆ. ‘ಉಳಿಸುವುದು’ ಎಂಬ ಹೆಸರಿನ ಪದ್ಧತಿಯು ತಾನು ಉಳಿಸುತ್ತೇನೆಂದುದನ್ನೇ ಸ್ವಲ್ಪ ಕತ್ತರಿಸುತ್ತಿತ್ತು. ಒಂದು ಪಾರಿಭಾಷಿಕ ಪದಕ್ಕೆ ಇದಕ್ಕಿಂತ ನೇರವಾದ ಖಂಡನೆಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಈಗ ಫಲದ ವಿಚಾರ. ಇಂತಹ ಪದ್ಧತಿಗಳನ್ನು ಹಳೆಯದರೊಡನೆ ಹೋಲಿಸಿದ ಪರೀಕ್ಷೆಗಳ ಒಟ್ಟು ಸಾರವು ಹೀಗಿದೆ: ಮೊದಲ ಕೆಲವು ವಾರಗಳಲ್ಲಿ ನೋವು ಕಡಮೆ, ಕಾಲನ್ನೆತ್ತುವ ಶಕ್ತಿ ಬೇಗ ಮರಳುತ್ತದೆ, ಕೆಲವು ತಿಂಗಳುಗಳು ಕಳೆಯುವಷ್ಟರಲ್ಲಿ ಎರಡು ಬಗೆಯ ಮಂಡಿಗಳಿಗೂ ವ್ಯತ್ಯಾಸವು ಹೆಚ್ಚಾಗಿ ಕಾಣುವುದಿಲ್ಲ. ಇದಕ್ಕೆ ಪ್ರತಿಯಾಗಿ ಶಸ್ತ್ರಕ್ರಿಯೆಯ ಅವಧಿ ಹೆಚ್ಚುತ್ತದೆ. ಕಣ್ಣಿಗೆ ಕಾಣುವುದು ಕಡಮೆಯಾದುದರಿಂದ ಲೋಹವು ಓರೆಯಾಗಿ ಕೂರುವ ಭಯವೂ, ಗಾರೆಯ ಚೂರು ಹಿಂಬದಿಯಲ್ಲಿ ಉಳಿದುಹೋಗುವ ಭಯವೂ, ಎಳೆದೆಳೆದು ಚರ್ಮದ ಅಂಚು ಬಾಡುವ ಭಯವೂ ಇವೆ. ಮಂಡಿಯು ನೆಟ್ಟಗೆ ಕೂತರೆ ಹದಿನೈದು ಇಪ್ಪತ್ತು ವರ್ಷ ಬಾಳುವ ವಸ್ತು. ಕೆಲವು ವಾರಗಳ ಸುಖಕ್ಕಾಗಿ ಅಷ್ಟು ವರ್ಷಗಳನ್ನು ಪಣವಾಗಿಡಬಹುದೆ ಎಂಬುದೇ ಇಲ್ಲಿಯ ನಿಜವಾದ ಪ್ರಶ್ನೆ. ಹೆಸರು ಈ ಪ್ರಶ್ನೆಯನ್ನು ಮುಚ್ಚುತ್ತದೆ. ‘ಕನಿಷ್ಠ’ವೆಂದಾಕ್ಷಣ ಅಪಾಯವೂ ಕನಿಷ್ಠವೆಂದು ಮನಸ್ಸು ಒಪ್ಪಿಕೊಂಡುಬಿಡುತ್ತದೆ.

ಮೊದಲ ವಾರಗಳ ಆ ಸುಖದ ಯಶಸ್ಸೆಲ್ಲ ಛೇದದ್ದೇ ಎಂಬುದೂ ನಿರ್ವಿವಾದವಲ್ಲ. ಚಿಕ್ಕ ಛೇದವು ಪ್ರಚಾರಕ್ಕೆ ಬಂದ ವರ್ಷಗಳಲ್ಲಿಯೇ ನೋವನ್ನು ಹಲವು ಔಷಧಿಗಳಿಂದ ಏಕಕಾಲದಲ್ಲಿ ತಡೆಯುವ ಕ್ರಮವೂ, ಕೀಲಿನ ಸುತ್ತ ಮರವು ಔಷಧಿಯನ್ನು ಚುಚ್ಚುವ ಕ್ರಮವೂ, ಶಸ್ತ್ರಕ್ರಿಯೆಯ ದಿನವೇ ರೋಗಿಯನ್ನು ಎಬ್ಬಿಸಿ ನಡೆಸುವ ಕ್ರಮವೂ ರೂಢಿಗೆ ಬಂದವು. ಈ ಸೌಲಭ್ಯಗಳು ಉದ್ದನೆಯ ಛೇದದ ರೋಗಿಗೂ ಸಮಾನವಾಗಿ ಸಲ್ಲುತ್ತವೆ. ಹೊಸ ಕ್ರಮಗಳೆಲ್ಲವನ್ನೂ ಪಡೆದ ಇಂದಿನ ರೋಗಿಯನ್ನು, ಅವು ಯಾವುವೂ ಇಲ್ಲದ ಹಿಂದಿನ ರೋಗಿಯೊಡನೆ ಹೋಲಿಸಿ, ವ್ಯತ್ಯಾಸಕ್ಕೆ ಛೇದವೇ ಕಾರಣವೆಂದರೆ ಹಲವು ಕೈಗಳು ಸೇರಿ ಬರೆದ ಕಾವ್ಯಕ್ಕೆ ಒಬ್ಬನ ಅಂಕಿತವನ್ನು ಹಾಕಿದಂತಾಗುತ್ತದೆ.

ವಿರುದ್ಧಪಕ್ಷದ ಪ್ರಮಾಣಗಳನ್ನೂ ಇದೇ ಕಟ್ಟುನಿಟ್ಟಿನಿಂದ ನೋಡಬೇಕಾದುದು ನ್ಯಾಯ. 2009ರಲ್ಲಿ ರಾಬರ್ಟ್ ಬ್ಯಾರಕ್ ಮೊದಲಾದವರು, ಕೆಟ್ಟು ಮರುಶಸ್ತ್ರಕ್ಕೆ ಬಂದ ಮಂಡಿಗಳನ್ನು ಪರಿಶೀಲಿಸಿ, ಚಿಕ್ಕ ಛೇದದಿಂದ ಕೂರಿಸಿದವು ಹೆಚ್ಚು ಬೇಗನೆ ಕೆಟ್ಟು ಬಂದವೆಂದು ಪ್ರಕಟಿಸಿದರು. ಆಕ್ಷೇಪಕರು ಇದನ್ನು ಬ್ರಹ್ಮಾಸ್ತ್ರದಂತೆ ಪ್ರಯೋಗಿಸುತ್ತಾರೆ. ಆದರೆ ಆ ಹೊತ್ತಿಗೆ ಪದ್ಧತಿಗೇ ಕೆಲವು ವರ್ಷಗಳ ವಯಸ್ಸು. ಹದಿನೈದು ವರ್ಷ ಬಾಳಿ ಕೆಡುವ ಅವಕಾಶವೇ ಆ ಮಂಡಿಗಳಿಗೆ ಇನ್ನೂ ದೊರೆತಿರಲಿಲ್ಲ. ಕೆಟ್ಟವುಗಳನ್ನು ಮಾತ್ರ ಎಣಿಸಿದರೆ ಹೊಸದು ಬೇಗ ಕೆಟ್ಟಂತೆ ತೋರುವುದು ಸಹಜ. ಎಚ್ಚರಿಕೆಯಾಗಿ ಅದಕ್ಕೆ ಬೆಲೆಯುಂಟು, ತೀರ್ಪಾಗಿ ಇಲ್ಲ. ಕೂರಿಸಿದ ಎಲ್ಲ ಮಂಡಿಗಳನ್ನೂ ವರ್ಷವರ್ಷವೂ ಲೆಕ್ಕವಿಡುವ ದಾಖಲೆ ಪುಸ್ತಕಗಳು ಇಂತಹ ವಿವಾದಗಳಿಗೆ ಉತ್ತಮ ಸಾಕ್ಷಿ. ಸ್ವೀಡನ್ನಿನವರು ಅಂತಹುದನ್ನು 1975ರಷ್ಟು ಹಿಂದೆಯೇ ಆರಂಭಿಸಿದರು.

ಅಲ್ಪತ್ವವು ನಿಜವಾಗಿಯೇ ಇರುವ ಒಂದು ಪ್ರಕಾರವುಂಟು. ಅದನ್ನು ಇದರೊಡನೆ ಬೆರೆಸಿ ಹೇಳುವುದರಿಂದ ಗೊಂದಲವು ಇಮ್ಮಡಿಯಾಗಿದೆ. ಮಂಡಿಯ ಕೀಲಿಗೆ ಒಳಬದಿ, ಹೊರಬದಿ, ಚಿಪ್ಪಿನ ಹಿಂಬದಿ ಎಂದು ಮೂರು ಅಂಕಣಗಳು. ಕೆಲವರಲ್ಲಿ ಒಳಬದಿ ಮಾತ್ರ ಸವೆದಿರುತ್ತದೆ. ಆಕ್ಸ್‌ಫರ್ಡಿನಲ್ಲಿ ವೈದ್ಯನಾದ ಜಾನ್ ಗುಡ್‌ಫೆಲೊ ಮತ್ತು ಯಂತ್ರಶಾಸ್ತ್ರಜ್ಞನಾದ ಜಾನ್ ಓಕಾನರ್ 1970ರ ದಶಕದಲ್ಲಿ ರೂಪಿಸಿದ, ಚಲಿಸುವ ಫಲಕವುಳ್ಳ ಕೃತಕ ಕೀಲು ಮುಂದೆ ಹೆಚ್ಚಾಗಿ ಆ ಒಂದು ಅಂಕಣಕ್ಕೇ ಮೀಸಲಾಯಿತು. 1990ರ ದಶಕದ ಆದಿಯಲ್ಲಿ ಅಮೆರಿಕಾದ ಬಫಲೋ ನಗರದಲ್ಲಿ ಜಾನ್ ರೆಪಿಚ್ಚಿಯು ಒಂದಂಕಣದ ಕೀಲನ್ನು ಚಿಕ್ಕ ಛೇದದಿಂದ ಕೂರಿಸುವ ಪದ್ಧತಿಗೆ ಪ್ರಚಾರವನ್ನು ತಂದನು. ಇವನು ಮೊದಲು ದಂತವೈದ್ಯನಾಗಿದ್ದವನೆಂಬುದನ್ನು ನೆನೆದರೆ ಇಕ್ಕಟ್ಟಾದ ಜಾಗದಲ್ಲಿ ಅವನ ಕೈ ಹೇಗೆ ಪಳಗಿತ್ತೆಂಬುದು ಹೊಳೆಯುತ್ತದೆ. 1998ರಲ್ಲಿ ಆಕ್ಸ್‌ಫರ್ಡಿನ ಕೀಲೂ ಚಿಕ್ಕ ಛೇದಕ್ಕೆ ಹೊಂದುವಂತೆ ಪರಿಷ್ಕೃತವಾಯಿತು. ಇಲ್ಲಿ ಕೊಯ್ಯುವ ಎಲುಬು ಕಡಮೆ, ಕೀಲಿನ ನಡುವೆ ಅಡ್ಡಹಾಯ್ದ ಎರಡು ಬಂಧನಿಗಳೂ ಉಳಿಯುತ್ತವೆ, ಲೋಹವೂ ಚಿಕ್ಕದು. ಛೇದವು ಚಿಕ್ಕದಾದುದು ಕೆಲಸವು ಚಿಕ್ಕದಾದುದರ ಪರಿಣಾಮ. ಇದು ಕಾರ್ಯದ ಅಲ್ಪತ್ವ. ಹಿಂದೆ ಹೇಳಿದುದು ಬಾಗಿಲಿನ ಅಲ್ಪತ್ವ ಮಾತ್ರ. ಒಂದಂಕಣದ ಬದಲಾವಣೆಯನ್ನು ಪೂರ್ಣ ಬದಲಾವಣೆಯೊಡನೆ ಹೋಲಿಸಿ ಬ್ರಿಟನ್ನಿನ 27 ಆಸ್ಪತ್ರೆಗಳಲ್ಲಿ 528 ರೋಗಿಗಳ ಮೇಲೆ ನಡೆದು, 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಐದು ವರ್ಷಗಳ ಬಳಿಕ ಎರಡೂ ಬಗೆಯವರ ಸ್ಥಿತಿಯು ಸರಿಸುಮಾರು ಒಂದೇ ಆಗಿದ್ದು, ಒಂದಂಕಣದ್ದು ವೆಚ್ಚದಲ್ಲಿ ಮೇಲಾಗಿತ್ತು. ದೇಶೀಯ ದಾಖಲೆ ಪುಸ್ತಕಗಳಲ್ಲಾದರೋ ಒಂದಂಕಣದ ಮಂಡಿಗಳು ಮರುಶಸ್ತ್ರಕ್ಕೆ ಬರುವುದು ಹೆಚ್ಚು. ಎರಡು ಸಾಕ್ಷಿಗಳನ್ನೂ ಕೂಡಿಸಿ ಹೇಳದ ತಿಳಿವಳಿಕೆ ಪತ್ರವು ಅರ್ಧವನ್ನೇ ತಿಳಿಸಿದಂತೆ.

‘ಕೀಹೋಲ್’ ಎಂಬ ಇನ್ನೊಂದು ಮಾತು ಕೆಲವು ಜಾಹೀರಾತುಗಳಲ್ಲಿ ಮಂಡಿಯ ಬದಲಾವಣೆಗೂ ಅಂಟಿಕೊಂಡಿದೆ. ಇದರ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. 1918ರಲ್ಲಿ ಟೋಕಿಯೊದ ತಕಾಗಿಯು ಮೂತ್ರಾಶಯದರ್ಶಕವನ್ನು ಶವದ ಮಂಡಿಯೊಳಕ್ಕೆ ತೂರಿಸಿ ನೋಡಿದಂದಿನಿಂದ ಬೆಳೆದುಬಂದ ಕೀಲುದರ್ಶನವು ಬೇರೆ ವಿದ್ಯೆ. ಅದಕ್ಕೆ ಬೀಗದ ಕಿಂಡಿಯ ಉಪಮೆಯು ಒಪ್ಪುತ್ತದೆ. ಆರೇಳು ಸೆಂಟಿಮೀಟರು ಅಗಲದ ಲೋಹದ ಕವಚವು ಹಾದುಹೋಗುವ ಕಿಂಡಿಯುಳ್ಳ ಬೀಗವನ್ನು ಯಾವ ಮನೆಯ ಬಾಗಿಲಿನಲ್ಲಿಯೂ ಕಾಣೆವು.

ನಮ್ಮ ಹಿಂದಿನವರು ಇಂತಹ ಹೆಸರುಗಳನ್ನು ಹೇಗೆ ಇಟ್ಟರೆಂಬುದನ್ನು ಹೋಲಿಕೆಗಾಗಿ ಸ್ಮರಿಸಬಹುದು. ಸುಶ್ರುತನು ಶಸ್ತ್ರಕರ್ಮವನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾನೆ: ಛೇದ್ಯ, ಭೇದ್ಯ, ಲೇಖ್ಯ, ವೇಧ್ಯ, ಏಷ್ಯ, ಆಹಾರ್ಯ, ವಿಸ್ರಾವ್ಯ, ಸೀವ್ಯ. ಕತ್ತರಿಸು, ಸೀಳು, ಕೆರೆ, ಚುಚ್ಚು, ಹುಡುಕು, ಕೀಳು, ಸುರಿಸು, ಹೊಲಿ ಎಂದು ಕೈಯು ಮಾಡುವ ಕೆಲಸವನ್ನಷ್ಟೇ ಈ ಹೆಸರುಗಳು ಹೇಳುತ್ತವೆ. ಒಂದರಲ್ಲಿಯೂ ಪ್ರಶಂಸೆಯ ಸೋಂಕಿಲ್ಲ. ಮಂಡಿಯನ್ನು ಅವನು ‘ಜಾನು’ ಎಂಬ ಮರ್ಮಗಳಲ್ಲಿ ಎಣಿಸಿ, ಅದನ್ನು ವೈಕಲ್ಯಕರ ವರ್ಗಕ್ಕೆ ಸೇರಿಸಿದನು. ಅಲ್ಲಿ ಪೆಟ್ಟಾದರೆ ಕುಂಟುತನವು ಫಲ. ಅಲ್ಲಿಯೂ ಹೆಸರು ಭಯವನ್ನು ಮರೆಸುವುದಕ್ಕೆ ಹೋಗದೆ, ಆಗುವುದನ್ನು ಆಗುತ್ತದೆಂದೇ ಹೇಳುತ್ತದೆ. ಕೃತಕ ಮಂಡಿಯ ಇತಿಹಾಸದ ಆದಿಯಲ್ಲಿಯೂ ಇಂತಹ ನಿರಾಡಂಬರತೆಯಿತ್ತು. 1890ರಲ್ಲಿ ಬರ್ಲಿನ್ನಿನ ಗ್ಲುಕ್ ದಂತದಿಂದ ಮಾಡಿದ ತಿರುಗಣಿಯ ಮಂಡಿಯನ್ನು ಕ್ಷಯದಿಂದ ಹಾಳಾದ ಕೀಲಿನಲ್ಲಿ ಕೂರಿಸಿದನು. ಸೋಂಕಿನಿಂದ ಅವನ ಪ್ರಯತ್ನಗಳು ಕೆಟ್ಟವು. 1974ರಲ್ಲಿ ನ್ಯೂಯಾರ್ಕಿನಲ್ಲಿ ಇನ್ಸಾಲ್, ರಾಣಾವತ್, ವಾಕರ್ ಇವರು ಸಿದ್ಧಪಡಿಸಿದ, ಇಂದಿನ ಮಂಡಿಗಳಿಗೆಲ್ಲ ಮಾತೃಕೆಯೆನ್ನಬಹುದಾದ ಕೀಲಿಗೆ ‘ಟೋಟಲ್ ಕಾಂಡಿಲಾರ್’ ಎಂದು ಎಲುಬಿನ ಭಾಗದ ಹೆಸರನ್ನೇ ಇಟ್ಟರು. ಪ್ರಶಂಸೆಯು ಹೆಸರಿನೊಳಕ್ಕೆ ನುಸುಳಿದುದು ಬಹುಮಟ್ಟಿಗೆ ಆಮೇಲಿನ ಸಂಗತಿ.

ಪ್ರಶಂಸಾತ್ಮಕವಾದ ಹೆಸರಿನಿಂದ ರೋಗಿಗೆ ಧೈರ್ಯ ಬರುವುದಾದರೆ ತಪ್ಪೇನೆಂಬ ಆಕ್ಷೇಪಣೆಗೆ ಸಮಾಧಾನವನ್ನು ಹೇಳಬೇಕಾಗಿದೆ. ಧೈರ್ಯವು ಬೇಕಾದುದೇ. ಆದರೆ ಈ ಹೆಸರು ಧೈರ್ಯದೊಡನೆ ಆಯ್ಕೆಯನ್ನೂ ಬದಲಿಸುತ್ತದೆ. ನೆಲದ ಮೇಲೆ ಕುಳಿತು ಉಣ್ಣುವ, ಕುಕ್ಕರಗಾಲಿನಲ್ಲಿ ಕೂರುವ ನಮ್ಮ ಜನಕ್ಕೆ ಮಂಡಿಯ ಬಾಗು ಎಷ್ಟು ಉಳಿದೀತೆಂಬುದು ಛೇದದ ಉದ್ದಕ್ಕಿಂತ ಹೆಚ್ಚಿನ ಪ್ರಶ್ನೆ. ಅದಕ್ಕೆ ಉತ್ತರವು ಶಸ್ತ್ರಕ್ಕೆ ಮೊದಲಿದ್ದ ಬಾಗು, ಕೀಲಿನ ವಿನ್ಯಾಸ, ಕೂರಿಸಿದ ಕೈ, ಆಮೇಲಿನ ವ್ಯಾಯಾಮ ಇವುಗಳಲ್ಲಿದೆ. ದಪ್ಪ ಮೈಯವರಿಗೂ, ಕಾಲು ತೀರ ಸೊಟ್ಟಾದವರಿಗೂ, ಹಿಂದೆ ಮಂಡಿಗೆ ಶಸ್ತ್ರವಾದವರಿಗೂ ಚಿಕ್ಕ ಛೇದವು ಹೊಂದದೆಂದು ಅದರ ಪ್ರತಿಪಾದಕರೇ ಹೇಳಿದ್ದಾರೆ. ‘ಕನಿಷ್ಠ’ವನ್ನು ಕೇಳಿಬಂದ ಇಂತಹವರಿಗೆ ವೈದ್ಯನು ಉದ್ದನೆಯ ಛೇದವನ್ನು ಸೂಚಿಸಿದರೆ, ಅವನ ವಿವೇಕವೇ ಹಿಂದುಳಿದ ವಿದ್ಯೆಯಂತೆ ತೋರುತ್ತದೆ.

ಕನ್ನಡಕ್ಕೆ ಯಾವ ಮಾತನ್ನು ಕೊಡೋಣ? ‘ಕನಿಷ್ಠ’ವೂ ‘ಆಕ್ರಮಣ’ವೂ ಎರಡೂ ಹೋಗಬೇಕು. ‘ಅಲ್ಪಪ್ರವೇಶ’ವು ವ್ಯುತ್ಪತ್ತಿಗೆ ಸರಿಯಾದರೂ ಪರೀಕ್ಷೆಗೆ ಕುಳಿತವನ ನೆನಪನ್ನು ತರುತ್ತದೆ. ‘ಕಿರುಗಾಯ’ವೆಂದರೆ ಒಳಗಾಯವನ್ನೂ ಕಿರಿದೆಂದಂತಾಗಿ ಹಳೆಯ ದೋಷವೇ ಮರಳುತ್ತದೆ. ‘ಕಿರುಸೀಳಿನ ಮಂಡಿಶಸ್ತ್ರ’ ಎಂಬುದು ನಮಗೆ ಒಪ್ಪಿಗೆಯಾಗಿದೆ: ಸೀಳು ಕಿರಿದೆಂಬಷ್ಟನ್ನೇ ಅದು ಹೇಳುತ್ತದೆ, ಮತ್ತಾವ ಭರವಸೆಯನ್ನೂ ಕೊಡುವುದಿಲ್ಲ. ಸ್ನಾಯುವಿನಡಿಯಿಂದ ಹೋಗುವ ದಾರಿಗೆ ‘ಸ್ನಾಯುತಳಮಾರ್ಗ’, ಎಳೆಗಳನ್ನು ಬಿಡಿಸುವುದಕ್ಕೆ ‘ಸ್ನಾಯುಮಧ್ಯಮಾರ್ಗ’, ಚಿಪ್ಪಿನ ಮಗ್ಗುಲಿನದಕ್ಕೆ ‘ಚಿಪ್ಪಿನೊಳಮಗ್ಗುಲು’ ಎನ್ನಬಹುದು. ಒಂದಂಕಣದ ಬದಲಾವಣೆಯನ್ನು ‘ಅರೆಮಂಡಿ’ ಎಂದು ಕೆಲವರು ಕರೆಯುತ್ತಿರುವುದು ಕಿವಿಗೆ ಹಿತವಾಗಿದೆಯಾದರೂ, ನಾಟ್ಯವನ್ನು ಬಲ್ಲವರಿಗೆ ಆ ಮಾತು ಮಂಡಿಯನ್ನು ಹೊರಕ್ಕೆ ಬಾಗಿಸಿ ನಿಲ್ಲುವ ಭಂಗಿಯ ಹೆಸರಾಗಿ ಆಗಲೇ ರೂಢವಾಗಿರುವುದರಿಂದ ಅದನ್ನು ಬಿಟ್ಟು ‘ಒಂದಂಕಣದ ಮಂಡಿ’ ಎಂದೇ ಇರಿಸಿಕೊಳ್ಳುವುದು ಲೇಸು.